ಮೇಲಿನ ತಾಂಡಾಕ್ಕೆ ಅಕ್ಕಿ ಒಯ್ದದ್ದು

ಕಬ್ಬು ಕಡಿಯುವವರನ್ನು ಒಯ್ಯುವ ಲಾರಿ ಗುರುವಾರ ಸಂಜೆ ನಾಲ್ಕಕ್ಕೆ ಹೊರಡುತ್ತದೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಬುಧವಾರ ಮಧ್ಯಾಹ್ನ. ಫೋನ್ ಮಾಡಿದವನು ಮೇಲಿನ ತಾಂಡಾದ ಶಾಲೆಯ ಏಕೈಕ ಶಿಕ್ಷಕ. ಚಿತ್ತಾಪುರದ ಕಡೆಯ ತರುಣ. ಸಿಗ್ನಲ್ಲಿಗಾಗಿ ಬಂಡೆ ಹತ್ತಿ ನಿಂತು ಮಾತಾಡುವ ರೂಢಿಯಿಂದಾಗಿ ಅವನು ಏನು ಹೇಳಿದರೂ ಚುನಾವಣಾ ಭಾಷಣದಂತೆ ಕೇಳುತ್ತದೆ.

"ಸರ್, ಅಕ್ಕಿ ಬ್ಯಾಳಿ ನಾಳೆ ಮುಟ್ಟಲೇಬೇಕ್ರಿ! ಲಾರಿ ಬರೋದ್ರೊಳಗ ಇಲ್ಲಿ ಒಲಿ ಹತ್ತಲಿಲ್ಲಂದ್ರ ಹುಡುಗರನ್ನೂ ಎತ್ತಿ ಹಾಕ್ಕೊಂಡು ಹೋಗ್ತಾರ. ಐದನೇ ಕ್ಲಾಸಿನ ಆ ಹುಡುಗಿ ಅದಾಳಲ್ರಿ, ಅಕಿ ಈ ಸಲ ಹೋದ್ಲಂದ್ರ ಮತ್ತ ಸಾಲಿ ಮೆಟ್ಟಿಲ ಹತ್ತಂಗಿಲ್ರಿ."

ಹುಡುಗಿಯನ್ನು ನಾನು ಬಲ್ಲೆ. ಹಿಂದಿನ ವರ್ಷವೂ ದೀಪಾವಳಿ ಮುಗಿದ ಮೇಲೆ ಅಪ್ಪ-ಅವ್ವನ ಜೊತೆ ಕಬ್ಬಿನ ಗದ್ದೆಗೆ ಹೋಗಿ, ಬೇಸಿಗೆಯಲ್ಲಿ ಅಂಗೈಯ ಮೇಲೆ ಕುಡಗೋಲಿನ ಗಾಯ ಮಾಡಿಕೊಂಡು ಬಂದಿದ್ದಳು. ಬರುವಷ್ಟರಲ್ಲಿ ಒಂದು ವರ್ಷ ಹೋಗಿತ್ತು, ಭಾಗಾಕಾರವೂ ಹೋಗಿತ್ತು. ಇಂಥ ಮಕ್ಕಳಿಗಾಗಿಯೇ ಸರ್ಕಾರ ಹಂಗಾಮಿ ವಸತಿ ಎಂಬ ಏರ್ಪಾಡು ಮಾಡಿದೆ. ತಂದೆ-ತಾಯಿ ದುಡಿಯಲು ಹೋದ ತಿಂಗಳುಗಳಲ್ಲಿ ಮಕ್ಕಳು ಶಾಲೆಯಲ್ಲೇ ಉಂಡು, ಶಾಲೆಯಲ್ಲೇ ಮಲಗಿ, ಶಾಲೆಯಲ್ಲೇ ಕಲಿಯಬೇಕು. ಶಿಕ್ಷಕನ ಜೊತೆಗೆ ರಾತ್ರಿ ಕಾವಲಿಗೆ ತಾಂಡಾದ ಒಬ್ಬ ಮುದುಕಿಯನ್ನೂ ಗೊತ್ತುಮಾಡಿದ್ದೆವು. ಈ ಸಲ ಮೇಲಿನ ತಾಂಡಾದಲ್ಲಿ ಹದಿನಾಲ್ಕು ಮಕ್ಕಳ ಹೆಸರು ಬರೆದುಕೊಂಡವನು ನಾನು. "ದೀಪಾವಳಿ ಹೊತ್ತಿಗೆ ಎಲ್ಲಾ ತಯಾರು ಇರುತ್ತದೆ" ಎಂದು ಪಾಲಕರ ಸಭೆಯಲ್ಲಿ ಎದ್ದು ನಿಂತು ಘೋಷಿಸಿದವನೂ ನಾನೇ. ನನ್ನ ಹುದ್ದೆಯ ಹೆಸರು ಸಂಪನ್ಮೂಲ ವ್ಯಕ್ತಿ. ಹದಿನೆಂಟು ಶಾಲೆಗಳಿಗೆ ಒಬ್ಬ ವ್ಯಕ್ತಿ. ಸಂಪನ್ಮೂಲದ ವಿಷಯ ಬೇರೆ.

ಸರ್ಕಾರಿ ಅಕ್ಕಿಗೆ ಸ್ವಂತ ಕಾಲಿಲ್ಲ. ಅದನ್ನು ನಾಲ್ಕು ಸಹಿಗಳು ನಡೆಸಿಕೊಂಡು ಬರಬೇಕು. ಮೂರು ಸಹಿ ಬುಧವಾರ ಸಂಜೆಗೇ ಆದವು. ನಾಲ್ಕನೆಯ ಸಹಿ ಮದುವೆಗೆ ಹೋಗಿತ್ತು. ಗುರುವಾರ ಸೇಡಂನಿಂದ ಮೊದಲ ಬಸ್ಸಿಗೆ ಹೊರಟು ಚಿಂಚೋಳಿಯಲ್ಲಿ ಇಳಿದವನು, ಆ ಸಹಿ ಹಲ್ಲುಜ್ಜುತ್ತಿದ್ದಾಗಲೇ ಅದರ ಮನೆಯ ಬಾಗಿಲಲ್ಲಿ ನಿಂತೆ. ಎಂಟೂವರೆಗೆ ಟೆಂಪೊ ತುಂಬಿತು: ಅಕ್ಕಿ ಎರಡು ಚೀಲ, ತೊಗರಿಬೇಳೆ ಅರ್ಧ ಚೀಲ, ಎಣ್ಣೆ ಡಬ್ಬಿ, ಉಪ್ಪು, ಖಾರಪುಡಿ, ಹದಿನಾಲ್ಕು ಚಾದರ, ದೊಡ್ಡ ಬೋಗಾಣಿ ಎರಡು, ಸೌಟು, ತಾಟು, ಲೋಟ. ಟೆಂಪೊದವನು ವಾಡಿಯವನು. ದಿನಾ ಶಹಾಬಾದಿನ ಹಾಸುಗಲ್ಲು ಹೇರುವವನಿಗೆ ನಮ್ಮ ಸರಂಜಾಮು ತೀರ ಹಗುರ ಎನ್ನಿಸಿ, ಇಷ್ಟಕ್ಕೆ ಗಾಡಿ ಯಾಕೆ ಎಂಬಂತೆ ನನ್ನನ್ನು ನೋಡಿದ.

ಚಂದ್ರಂಪಳ್ಳಿ ಕೆರೆ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಎರಡನೆಯ ಹಳ್ಳದ ಹತ್ತಿರ ಟೆಂಪೊ ನಿಂತಿತು. ರಾತ್ರಿ ಸುರಿದ ಹಿಂಗಾರು ಮಳೆ ಸೇತುವೆಯ ಪೈಪುಗಳನ್ನು ಬಿಡಿಸಿ ಕೆಳಗೆ ಉರುಳಿಸಿತ್ತು. ರಸ್ತೆ ಇದ್ದಲ್ಲಿ ಎದೆಯೆತ್ತರದ ಕಂದಕ. ಬೆಳಿಗ್ಗೆಯೇ ಅದನ್ನು ಕಂಡಿದ್ದ ಶಿಕ್ಷಕ ಆಚೆ ದಡದಲ್ಲಿ ನಾಲ್ಕು ಜನ ಆಳುಗಳೊಂದಿಗೆ ನಿಂತು ಕೈ ಬೀಸುತ್ತಿದ್ದ.

ಟೆಂಪೊದವನು ಬೀಡಿ ಹಚ್ಚಿ ಕಂದಕ ನೋಡಿದ. "ಸಾಹೇಬ್ರ, ಗಾಡಿ ತಿರುಗಸ್ತೀನಿ. ತಾಂಡೂರ ಕಡಿಂದ ಸುತ್ತ ಹೊಡದ್ರ ಸೀದಾ ತಾಂಡಾದಾಗೇ ಇಳೀತೀವಿ. ಕಬ್ಬಿನ ಲಾರಿನೂ ಅದೇ ದಾರಿಲೇ ಬರ್ತದ. ಎರಡು ತಾಸಿನ ಮಾತು."

"ಅದು ತೆಲಂಗಾಣ."

"ಹೌದ್ರಿ. ರೋಡ ಚಲೋ ಅದ."

"ಪರವಾನಗಿ ಇಲ್ಲದೆ ಸರ್ಕಾರಿ ಧಾನ್ಯ ರಾಜ್ಯದ ಗಡಿ ದಾಟುವಂತಿಲ್ಲ."

ಅವನು ಹಿಂದೆ ತಿರುಗಿ ಚೀಲಗಳ ಕಡೆ ನೋಡಿ, "ಇದು ಯಾವ ರಾಜ್ಯ ಅಂತ ಅಕ್ಕಿಗೇನು ತಿಳೀತದ್ರಿ?" ಎಂದ.

ಅಕ್ಕಿಗೆ ತಿಳಿಯದಿರಬಹುದು, ನನಗೆ ತಿಳಿಯುತ್ತದೆ ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಸುತ್ತೋಲೆ ಮೀರಿದವನಲ್ಲ. ನಿವೃತ್ತಿಗೆ ಹದಿನೆಂಟು ತಿಂಗಳು ಇರುವಾಗ ಎರಡು ಚೀಲ ಅಕ್ಕಿಯ ಸಮೇತ ಪರರಾಜ್ಯದ ಗಡಿಯಲ್ಲಿ ಸಿಕ್ಕಿಬೀಳುವ ಚಿತ್ರ ಕಣ್ಣ ಮುಂದೆ ಬಂತು. ಮೇಲಧಿಕಾರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಅವರು "ಹೋಗಿ" ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹೊತ್ತುಕೊಂಡೇ ಹೋಗುವುದೆಂದು ತೀರ್ಮಾನವಾಯಿತು. ದಾರಿ ಐದು ಕಿಲೋಮೀಟರ್. ಮೊದಲ ಎರಡು ಸಪಾಟು, ಉಳಿದದ್ದು ಏರು. ಐವತ್ತು ಕಿಲೋ ಚೀಲ ಹೊತ್ತು ಆ ಏರು ಹತ್ತಲಾಗದು ಎಂದು ಆಳುಗಳು ಹೇಳಿದ್ದರಿಂದ ಒಂದು ಚೀಲ ಬಿಚ್ಚಿ ಎರಡು ಪಾಲು ಮಾಡಿದೆವು; ಇನ್ನೊಂದು ಟೆಂಪೊದಲ್ಲೇ ಉಳಿಯಿತು. ಇಬ್ಬರಿಗೆ ಅಕ್ಕಿ, ಒಬ್ಬನಿಗೆ ಬೇಳೆ, ಒಬ್ಬನಿಗೆ ಎಣ್ಣೆ ಡಬ್ಬಿ ಮತ್ತು ಅರ್ಧ ಚಾದರಗಳು. ಉಳಿದ ಚಾದರಗಳ ಗಂಟು ಶಿಕ್ಷಕನ ತಲೆಗೆ. ಉಪ್ಪು, ಖಾರ, ದಾಸ್ತಾನು ವಹಿ ನನ್ನ ಹೆಗಲಿಗೆ.

ಕಂದಕ ದಾಟಿ ಬಂದಿದ್ದ ಶಿಕ್ಷಕ ಟೆಂಪೊದೊಳಗೆ ಇಣುಕಿ, "ಸರ್, ಬೋಗಾಣಿ…?" ಎಂದ.

"ಮೊದಲು ಧಾನ್ಯ, ಆಮೇಲೆ ಪಾತ್ರೆ. ಆ ಕ್ರಮಕ್ಕೆ ಕಾರಣ ಇದೆ. ನಾಳೆ ಎರಡನೆಯ ಕಂತಿನಲ್ಲಿ ಬರುತ್ತವೆ."

"ಅದಲ್ರಿ ಸರ್, ಅಲ್ಲಿ…"

"ನಡಿ, ಹೊತ್ತಾಯಿತು."

ಅವನು ನಡೆದ. ಹಿರಿಯರ ಮಾತಿನ ನಡುವೆ ಮಾತಾಡಬಾರದು ಎಂದು ಅವನಂಥ ಎಷ್ಟೋ ಜನರಿಗೆ ತರಬೇತಿಯಲ್ಲಿ ಹೇಳಿಕೊಟ್ಟವನು ನಾನೇ. ಆ ತರಬೇತಿ ಯಶಸ್ವಿಯಾಗಿತ್ತು.

ಕಂದಕ ಇಳಿದು ಹತ್ತುವುದಕ್ಕೇ ಮುಕ್ಕಾಲು ತಾಸು ಹಿಡಿಯಿತು. ಒಬ್ಬ ಕೆಳಗೆ ನಿಂತು ಕೊಡಬೇಕು, ಒಬ್ಬ ಮೇಲೆ ಬಗ್ಗಿ ಹಿಡಿಯಬೇಕು, ನಡುವೆ ಹಸಿ ಮಣ್ಣು ಜಾರುತ್ತದೆ. ಏರು ಶುರುವಾಯಿತು. ಕೆಂಪು ಗರಸಿನ ದಾರಿ, ಕಾಲಡಿ ಬರೀ ಹರಳುಗಲ್ಲು. ಎರಡೂ ಬದಿಗೆ ಎದೆಮಟ್ಟ ಹುಲ್ಲು. ತಲೆಯ ಮೇಲೆ ಸಿಂಬಿ ಇಟ್ಟು ಚೀಲ ಹೊತ್ತವರು ಹೆಜ್ಜೆ ಅಳೆದು ಹಾಕುತ್ತಿದ್ದರು. ಇನ್ನೂರು ಹೆಜ್ಜೆಗೊಮ್ಮೆ ನಾನು ಹಿಂದೆ ತಿರುಗಿ ನಿಸರ್ಗ ವೀಕ್ಷಿಸಿದೆ. ಹಾಗೆ ವೀಕ್ಷಿಸುವಾಗ ಉಸಿರು ಹಿಡಿದುಕೊಳ್ಳಲು ಅನುಕೂಲ.

ಬಂಡೆಗಳ ಹತ್ತಿರ ಬೇಳೆ ಹೊತ್ತವನ ಕಾಲು ಜಾರಿತು. ಅವನಿಗೇನೂ ಆಗಲಿಲ್ಲ. ಚೀಲ ಮಾತ್ರ ಕಲ್ಲಿನ ಚೂಪಿಗೆ ತಗುಲಿ ಉದ್ದಕ್ಕೆ ಹರಿಯಿತು. ತೊಗರಿಬೇಳೆ ಇಳಿಜಾರಿನುದ್ದಕ್ಕೂ ಓಡಿತು. ಆರೂ ಜನ ಕುಕ್ಕರುಗಾಲಲ್ಲಿ ಕುಳಿತು ಹುಲ್ಲಿನ ಬುಡದಿಂದ, ಗರಸಿನ ಸಂದಿಯಿಂದ ಬೇಳೆ ಬಳಿದೆವು. ಬೇಳೆಯ ಜೊತೆಗೆ ಗರಸೂ ಬಂತು. "ಸೋಸಲಿಕ್ಕೆ ಹೊತ್ತಿಲ್ಲ, ಒಂದು ಚಾದರದೊಳಗ ಕಟ್ರಿ" ಎಂದ ಶಿಕ್ಷಕ. ಹೊಸ ಚಾದರ, ದಾಸ್ತಾನಿಗೆ ಏರದ ಚಾದರ. ಕಟ್ಟಿದೆವು.

ತಾಂಡಾ ಮುಟ್ಟಿದಾಗ ಎರಡು ಹೊಡೆದಿತ್ತು. ಲಾರಿ ಆಗಲೇ ಶಾಲೆಯ ಮುಂದೆ ಬಂದು ನಿಂತಿತ್ತು. ತೆಲಂಗಾಣದ ಚಲೋ ರೋಡಿನಿಂದ ಬಂದದ್ದು, ಮೈಮೇಲೆ ಧೂಳು ಸಹ ಇರಲಿಲ್ಲ. ಮಂಚ, ಹಗ್ಗ, ಕೋಳಿ ಬುಟ್ಟಿ, ಕಟ್ಟಿಗೆ, ಗಂಟುಗಳು ಎಲ್ಲ ಏರಿದ್ದವು. ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಅವರ ಗಂಟುಗಳು ಕಟ್ಟೆಗೂ ಲಾರಿಗೂ ನಡುವೆ ನೆಲದ ಮೇಲಿದ್ದವು. ಅತ್ತ ಹೋಗುವುದೋ ಇತ್ತ ಬರುವುದೋ ಇನ್ನೂ ತೀರ್ಮಾನವಾಗಿಲ್ಲ ಎಂದು ಆ ಗಂಟುಗಳನ್ನು ನೋಡಿದರೇ ತಿಳಿಯುತ್ತಿತ್ತು.

"ಒಲೆ ಹೊತ್ತಿಸಿ" ಎಂದೆ.

ಶಿಕ್ಷಕ ಬೀಗ ಹಾಕಿದ ಒಂದು ಮನೆಯ ಕಡೆ ಕೈ ತೋರಿಸಿದ. ಶಾಲೆಯ ಹಳೆಯ ಪಾತ್ರೆಗಳು ಕಳುವಾಗಬಾರದೆಂದು ಅಡುಗೆಯಾಕೆಯ ಮನೆಯಲ್ಲಿ ಇಡುವ ರೂಢಿ. ಅಡುಗೆಯಾಕೆ ಮೊನ್ನೆಯ ಲಾರಿಯಲ್ಲಿ ಕಬ್ಬಿಗೆ ಹೋಗಿದ್ದಳು. ಮನೆಗೆ ಬೀಗ, ಕೀಲಿ ಅವಳ ಸೊಂಟದಲ್ಲಿ, ಸೊಂಟ ಮಹಾರಾಷ್ಟ್ರದಲ್ಲಿ.

"ಹೇಳಬೇಕಿಲ್ಲವೇನಪ್ಪ?"

"ಹಳ್ಳದ ಮ್ಯಾಗ ಅದೇ ಹೇಳಲಿಕತ್ತಿದ್ದೆ ಸರ್."

ಹದಿನಾಲ್ಕು ಮಕ್ಕಳಿಗೆ ಸಾಲುವಷ್ಟು ಅಕ್ಕಿ ಇಬ್ಬರ ತಲೆಯ ಮೇಲೆ ಬೆಟ್ಟ ಹತ್ತಿ ಬಂದಿತ್ತು. ಬೇಯಿಸಲು ಒಂದು ಪಾತ್ರೆ ಇರಲಿಲ್ಲ. ತಾಂಡಾದ ಮನೆಗಳ ಪಾತ್ರೆಗಳೆಲ್ಲ ಲಾರಿಯಲ್ಲಿ, ಮಂಚಗಳ ಅಡಿಯಲ್ಲಿ; ಕಾವಲಿನ ಮುದುಕಿಯ ಹತ್ತಿರ ಇದ್ದದ್ದು ಒಬ್ಬರಿಗಾಗುವ ಗಡಿಗೆ. ಇಬ್ಬರು ತಾಯಂದಿರು ಎದ್ದು ತಮ್ಮ ಮಕ್ಕಳ ಗಂಟು ಎತ್ತಿಕೊಂಡರು. ಲಾರಿಯ ಜೊತೆ ಬಂದಿದ್ದ ಗುತ್ತೇದಾರನ ಮನುಷ್ಯ ನನ್ನನ್ನು ನೋಡಿ, "ಆತಿಲ್ಲರಿ ಸಾಹೇಬ್ರ? ಹುಡುಗರೂ ಬರಲಿ. ಅಲ್ಲಿ ಗದ್ದೀಗೆ ಗದ್ದಿ ಅದ, ಗಾಳೀಗೆ ಗಾಳಿ" ಎಂದ.

ಆಗ ಒಬ್ಬ ಹೆಂಗಸು ಲಾರಿ ಹತ್ತಿದಳು. ಹಗ್ಗ ಸಡಿಲಿಸಿ, ಮಂಚ ಸರಿಸಿ, ಕೈಹಾಕಿ ಒಂದು ದೊಡ್ಡ ಬೋಗಾಣಿಯನ್ನೂ ಸೌಟನ್ನೂ ಎಳೆದು ಕೆಳಗೆ ಕೊಟ್ಟಳು. ಒಳಗಿನ ಬಟ್ಟೆಗಳನ್ನು ಲಾರಿಯಲ್ಲೇ ಸುರುವಿ ಬಂದಳು. ಅವಳೇ ಆ ಐದನೇ ಕ್ಲಾಸಿನ ಹುಡುಗಿಯ ತಾಯಿ. ಒಂದೆರಡು ವರ್ಷ ಶಾಲೆಯ ಅಡುಗೆಗೆ ಸಹಾಯಕಿಯಾಗಿ ಇದ್ದವಳು.

ನಾನು ಕೈ ಮುಗಿದೆ. "ಭಾಳ ಉಪಕಾರ ಆಯಿತವ್ವ. ಮಗಳ ಚಿಂತಿ ಬಿಡು, ಇನ್ನು…"

"ಮಗಳನ್ನ ಬಿಡ್ತೀನಂತ ನಾ ಎಲ್ಲಿ ಅಂದೀನ್ರಿ? ಉಳಿದ ಹುಡುಗರು ಉಪಾಸ ಕುಂದ್ರಬಾರದು, ಅದಕ್ಕ ಇಳಿಸೀನಿ" ಎಂದು ಅವಳು ಒಲೆಗೆ ಕಟ್ಟಿಗೆ ಹೊಂದಿಸತೊಡಗಿದಳು.

ನಿಯಮದ ಪ್ರಕಾರ ದಾಸ್ತಾನನ್ನು ತೂಗಿ, ವಹಿಗೆ ಏರಿಸಿ, ಶಾಲಾ ಸಮಿತಿ ಅಧ್ಯಕ್ಷರ ಸಹಿ ಪಡೆದು ಆಮೇಲೆ ಅಡುಗೆಗೆ ತೆಗೆಯಬೇಕು. ಅಧ್ಯಕ್ಷರು ಲಾರಿಯ ಮೇಲೆ ಹಗ್ಗ ಬಿಗಿಯುತ್ತಿದ್ದರು. ನಾನು ಚೀಲದ ಬಾಯಿಗೆ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಿತ್ತೆ. ಒಂದೇ ಬೋಗಾಣಿಯಾದ್ದರಿಂದ ಅಕ್ಕಿ ಬೇಳೆ ಕೂಡಿಯೇ ಬೇಯಬೇಕಾಯಿತು. ಬೇಳೆಯನ್ನು ನಾಲ್ಕು ನೀರು ತೊಳೆದರೂ ತಳದಲ್ಲಿ ಗರಸು ಉಳಿಯಿತು.

ಮೂರು ಗಂಟೆಯ ಹೊತ್ತಿಗೆ ಬೋಗಾಣಿ ಕೆಳಗಿಳಿಯಿತು. ಶಿಕ್ಷಕ ಕ್ರಮ ತಪ್ಪದೆ ರುಚಿ ವಹಿ ತಂದು ನನ್ನ ಮುಂದೆ ಹಿಡಿದ. ಶಾಲೆಯ ಊಟವನ್ನು ಮಕ್ಕಳಿಗೆ ಬಡಿಸುವ ಅರ್ಧ ತಾಸು ಮೊದಲು ದೊಡ್ಡವರೊಬ್ಬರು ತಿಂದು ನೋಡಿ, ಈ ವಹಿಯಲ್ಲಿ ಬರೆದು ಸಹಿ ಮಾಡಬೇಕು. ನಾನು ಪೆನ್ನು ತೆಗೆದೆ. ಕೈ ತಾನಾಗಿ ಬರೆಯಿತು: "ರುಚಿ ನೋಡಲಾಗಿದೆ. ಉತ್ತಮವಾಗಿ…"

"ಎಲ್ಲಿ ನೋಡೀರಿ?"

ಹುಡುಗಿಯ ತಾಯಿ ಸೌಟು ಹಿಡಿದು ನಿಂತಿದ್ದಳು.

"ಹೋದ ಮಳಿಗಾಲದಾಗೂ ಹಿಂಗೇ ಬರದು ಹೋದ್ರಿ. ನಾ ಇಲ್ಲೇ ಇದ್ದೆ, ಇದೇ ಒಲಿ ಮುಂದ. ಬ್ಯಾಳ್ಯಾಗ ಹುಳ ಇದ್ದವು. ನೀವು ತಾಟು ಮುಟ್ಟಲಿಲ್ಲ. ಬುಕ್ಕಿನ್ಯಾಗ ಬರದ್ರಿ, ಆ ಗಿಡದ ಬುಡಕ ಹೋಗಿ ನಿಮ್ಮ ಡಬ್ಬಿ ಬಿಚ್ಚಿ ಉಂಡು ಹೋದ್ರಿ. ಎರಡು ದಿನ ನನ್ನ ಮಗಳು ವಾಂತಿ ಮಾಡಿದ್ಲು. ಕೇಳಲಿಕ್ಕ ಬಂದ್ರ ಈ ಮಾಸ್ತರ್ರು ಬುಕ್ ತೋರ್ಸಿದ್ರು. ಸಾಹೇಬ್ರು ತಿಂದಾರ, ಚಲೋ ಅದ ಅಂತ ಬರದಾರ, ನಿಂದೇನವ್ವ ಅಂದ್ರು. ನಾ ಬಾಯಿ ಮುಚ್ಚಿಕೊಂಡು ಹೋದೆ."

ಶಿಕ್ಷಕ ವಹಿಯನ್ನು ಇನ್ನೂ ಹಿಡಿದೇ ಇದ್ದ.

"ಐದು ತಿಂಗಳು ಅಕಿನ್ನ ಇಲ್ಲಿ ಬಿಡಬೇಕು ನಾ. ನೀವು ಉಣ್ಣಲಾರದ ಅನ್ನ ಅಕಿ ಯಾಕ ಉಣ್ಬೇಕು? ಹೇಳ್ರಿ."

ತಪಾಸಣೆಗೆ ಹೋದಲ್ಲಿ ನಾನು ಎಲ್ಲಿಯೂ ಉಣ್ಣುವುದಿಲ್ಲ. ಮೂವತ್ತು ವರ್ಷ ಡಬ್ಬಿ ಒಯ್ದಿದ್ದೇನೆ. ಕೇಳಿದವರಿಗೆ ಆಮ್ಲಪಿತ್ತ ಎನ್ನುತ್ತೇನೆ. ಇನ್ನೂ ಒತ್ತಾಯಿಸಿದರೆ, ನೌಕರನಾದವನು ಜನರಿಗೆ ಭಾರವಾಗಬಾರದು ಎಂಬ ತತ್ತ್ವ ಹೇಳುತ್ತೇನೆ. ಬೆಳಿಗ್ಗೆ ವಿಭೂತಿ ಧರಿಸಿಯೇ ಮನೆ ಬಿಡುವವನು. ಬಸವ ಜಯಂತಿಗೆ ಸಮಾನತೆಯ ಮೇಲೆ ಇಪ್ಪತ್ತು ನಿಮಿಷ ನಿರರ್ಗಳವಾಗಿ ಮಾತಾಡುವವನು. ತಾಂಡಾದಲ್ಲಿ, ತಾಂಡಾದ ಕೈಯ ಅಡುಗೆಯ ಮುಂದೆ ನನ್ನ ಹೊಟ್ಟೆ ಕೆಡುವುದರಲ್ಲಿ ಆಮ್ಲ ಎಷ್ಟು, ಹುಟ್ಟು ಎಷ್ಟು ಎಂದು ನಾನು ಎಂದೂ ಬೇರೆ ಮಾಡಿ ನೋಡಿರಲಿಲ್ಲ. ಆ ಹೆಂಗಸು ನೋಡಿದ್ದಳು. ಗಿಡ ಯಾವುದು ಎಂಬುದು ಸಹ ಅವಳಿಗೆ ನೆನಪಿತ್ತು.

ನಾನು ಕಟ್ಟೆಯ ಮೇಲೆ, ಮಕ್ಕಳ ಸಾಲಿನ ತುದಿಗೆ ಕುಳಿತೆ. "ಹಾಕವ್ವ" ಎಂದೆ.

ಅವಳು ರುಚಿಗೆಂದು ಚಮಚೆಯಷ್ಟು ಹಾಕಲಿಲ್ಲ. ಕೂಲಿಯವನಿಗೆ ಬಡಿಸುವಷ್ಟು ಬಡಿಸಿದಳು. ತಾಟುಗಳು ಹಳ್ಳದ ಆಚೆ ಇದ್ದುದರಿಂದ ಮುತ್ತುಗದ ಎಲೆಯ ಮೇಲೆ. ಬಿಸಿ ಅನ್ನ, ತಳ ಹತ್ತಿದ ವಾಸನೆ, ಖಾರ ಮುಂದು, ಮೂರನೆಯ ತುತ್ತಿಗೆ ಹಲ್ಲಿನಡಿ ಗರಸು. ಉಗುಳಬಹುದಿತ್ತು. ಎಲ್ಲ ಮಕ್ಕಳೂ ನನ್ನ ಬಾಯಿ ನೋಡುತ್ತಿದ್ದರು. ನುಂಗಿದೆ. ಎಲೆ ಖಾಲಿ ಮಾಡಿದೆ.

"ಹ್ಯಾಂಗ ಅದರಿ?" ಎಂದಳು.

"ಖಾರ ಹೆಚ್ಚಾಗ್ಯದ. ಬೇಳೆಯಲ್ಲಿ ಗರಸು ಅದ. ಅನ್ನ ಬೆಂದದ."

ಅವಳು ತಲೆಯಾಡಿಸಿದಳು. ಹೋಗಲಿಲ್ಲ. ನನ್ನ ಎದುರಿಗೆ ನೆಲದ ಮೇಲೆ ಕುಳಿತು ನನ್ನ ಮುಖವನ್ನೇ ನೋಡತೊಡಗಿದಳು. ಅರ್ಧ ತಾಸಿನ ನಿಯಮ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಲಾರಿಯವನು ಹಾರ್ನ್ ಹೊಡೆದ. ಗುತ್ತೇದಾರನ ಮನುಷ್ಯ ಬಂದು, "ಏನ್ ನಡಸೀಯಬೇ? ಏರ್ತಿಯಿಲ್ಲ?" ಎಂದು ಗದರಿದ.

"ತಡಿಯಣ್ಣ. ಸಾಹೇಬ್ರು ಬದುಕ್ತಾರೇನು ನೋಡಲಿಕತ್ತೀನಿ."

ಹೆಂಗಸರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ನನಗೆ ಬಿಕ್ಕಳಿಕೆ ಬಂದಾಗ ಒಂದು ಸಲ ಮುಂದಕ್ಕೆ ಬಾಗಿ ನೋಡಿದಳು. ನಾನು ನೀರು ಕುಡಿದೆ, ಬಿಕ್ಕಳಿಕೆ ನಿಂತಿತು. ನನ್ನ ನೌಕರಿಯಲ್ಲಿ ಅಷ್ಟು ಶ್ರದ್ಧೆಯ ತಪಾಸಣೆಯನ್ನು ನಾನು ಮಾಡಿದ್ದೂ ಇಲ್ಲ, ಎದುರಿಸಿದ್ದೂ ಇಲ್ಲ.

ಅರ್ಧ ತಾಸು ಮುಗಿಯಿತು. ಅವಳು ಎದ್ದು ಹೋಗಿ ನಡುವೆ ಬಿದ್ದಿದ್ದ ಗಂಟುಗಳಲ್ಲಿ ಒಂದನ್ನು ಎತ್ತಿದಳು. ಗಂಟನ್ನು ತಂದು ಶಾಲೆಯ ಒಳಗೆ, ಗೋಡೆಯ ಬದಿಗೆ ಇಟ್ಟಳು. ಉಳಿದವರೂ ಒಬ್ಬೊಬ್ಬರಾಗಿ ತಂದರು. ಹದಿನಾಲ್ಕೂ ಒಳಗೆ ಬಂದವು.

"ಬೋಗಾಣಿ ನಿಮ್ಮವು ಬರೋತನಕ ಇರಲಿ" ಎಂದಳು ನನಗೆ. "ನೀವು ಬರ್ತಿರಬೇಕು. ಬಂದ್ರ ಉಣಬೇಕು. ನಾ ಫೋನ್ ಹಚ್ಚಿ ಮಗಳನ್ನ ಕೇಳ್ತೀನಿ." ಶಿಕ್ಷಕನ ಕಡೆ ತಿರುಗಿ, "ಬುಕ್ ನನಗ ತೋರಿಸಬ್ಯಾಡ್ರಿ ಮಾಸ್ತರ" ಎಂದಷ್ಟೇ ಹೇಳಿದಳು.

ಮಗಳಿಗೆ ಏನು ಹೇಳಿದಳೋ ನನಗೆ ತಿಳಿಯಲಿಲ್ಲ, ಅವರ ಲಂಬಾಣಿ ಮಾತಿನಲ್ಲಿ ಹೇಳಿದಳು. ಹುಡುಗಿ ಅವಳ ಸೆರಗು ಹಿಡಿದಿದ್ದಳು. ತಾಯಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಾರಿ ಹತ್ತಿದಳು. ಲಾರಿ ತೆಲಂಗಾಣದ ಕಡೆಗೆ ಇಳಿಯಿತು. ಅದರ ಹೊಗೆ ಬಹಳ ಹೊತ್ತು ಅಲ್ಲಿಯೇ ನಿಂತಿತ್ತು.

ಮಕ್ಕಳು ಉಣ್ಣಲು ಕುಳಿತರು. ಮೊದಲು ಒಬ್ಬಿಬ್ಬರು ಅತ್ತರು, ಆಮೇಲೆ ಹಸಿವು ಗೆದ್ದಿತು. ಹುಡುಗಿ ಮಾತ್ರ ಗಂಟಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಕಾವಲಿನ ಮುದುಕಿ ಕರೆದಳು, ಶಿಕ್ಷಕ ಕರೆದ. ನಾನು ಎಲೆಯನ್ನು ಅವಳ ಹತ್ತಿರ ಒಯ್ದು ಇಟ್ಟು, "ನಾನೂ ಉಂಡೀನಿ ನೋಡವ್ವ" ಎಂದೆ. ಅವಳು ತಿರುಗಲಿಲ್ಲ. ಎಲೆಯ ಮೇಲಿನ ಅನ್ನ ಆರಿತು.

ನಾನು ಇಳಿಯುವ ಹೊತ್ತಾಗಿತ್ತು, ಬಿಸಿಲು ಹುಲ್ಲಿನ ತುದಿಗೆ ಬಂದಿತ್ತು. ಶಿಕ್ಷಕ ದಿನದ ಊಟದ ಲೆಕ್ಕ ತುಂಬಲು ಕುಳಿತ. ಹಾಜರಿ ಹದಿನಾಲ್ಕು ಎಂದು ಬರೆದು, ಉಂಡವರ ಸಂಖ್ಯೆಯ ಅಂಕಣದ ಮುಂದೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಹದಿನಾಲ್ಕು ಅಂತ ಹಾಕ್ತೀನ್ರಿ ಸರ್? ಮೊದಲನೇ ದಿನ ಅದ. ನಾಳೆ ಉಣ್ತಾಳ ಅಕಿ."

ಅವನ ಕೈಯಿಂದ ಪೆನ್ನು ತೆಗೆದುಕೊಂಡು ಹದಿಮೂರು ಎಂದು ಬರೆದು ಸಹಿ ಮಾಡಿದೆ.